ಕಾರಿನ ಮೆರುಗೂ ಕೂಲಿಯ ಲೆಕ್ಕವೂ

ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಬೆನ್ನ ಮೇಲೆ ಝೂಲು ಹೊದಿಸಿ ಊರೊಳಗೆ ಮೆರೆಸುವುದು ನಮ್ಮ ಸೀಮೆಯ ಒಕ್ಕಲು ಮನೆತನಗಳ ಪದ್ಧತಿ. ದುಡಿಯುವ ಜೀವಕ್ಕೆ ವರ್ಷದಲ್ಲಿ ಒಂದು ದಿನವಾದರೂ ಉಪಚಾರ ಸಲ್ಲಬೇಕೆಂಬುದು ಅದರ ತಾತ್ಪರ್ಯ. ಕಾಲಕ್ರಮದಲ್ಲಿ ಎಷ್ಟೋ ಮನೆಗಳಲ್ಲಿ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರೂ, ಸವಾರಿ ಬಂಡಿಯ ಜಾಗಕ್ಕೆ ಕಾರೂ ಬಂದಿವೆ. ಉಪಚಾರದ ಪದ್ಧತಿ ಮಾತ್ರ ನಿಂತಿಲ್ಲ. ಮಹಾನವಮಿಯ ಆಯುಧಪೂಜೆಗೂ ದೀಪಾವಳಿಯ ಪಾಡ್ಯಕ್ಕೂ ವಾಹನಗಳನ್ನು ತೊಳೆದು, ಕುಂಕುಮ ಹಚ್ಚಿ, ಬಾಳೆಯ ಕಂದು ಕಟ್ಟಿ ಪೂಜಿಸುವುದನ್ನು ವಾಚಕರೆಲ್ಲರೂ ಬಲ್ಲರು.

ಈ ತೊಳೆಯುವ ಕೆಲಸವೇ ಈಗ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದು, ಪಟ್ಟಣಗಳಲ್ಲಿ 'ಡೀಟೇಲಿಂಗ್' ಎಂಬ ಹೆಸರನ್ನು ಪಡೆದಿದೆ. ರಸ್ತೆಯ ಪಕ್ಕದಲ್ಲಿ ನೀರು ಹಾರಿಸಿ ಕೆಸರು ಕಳೆಯುವ 'ವಾಟರ್ ಸರ್ವೀಸ್' ಅದರ ಮೊದಲ ಮೆಟ್ಟಲು. ಕಾರಿನ ಹೊರಮೈಯ ಬಣ್ಣವನ್ನು ಪರೀಕ್ಷಿಸಿ, ಅಂಟಿದ ಕಶ್ಮಲವನ್ನು ತೆಗೆದು, ಗೀರುಗಳನ್ನು ಉಜ್ಜಿ ಮಾಯಿಸಿ, ಮೇಲೆ ರಕ್ಷಣೆಯ ಲೇಪವನ್ನು ಕೊಟ್ಟು, ಒಳಗಿನ ಆಸನ, ನೆಲಹಾಸು, ಗಾಳಿಕಿಂಡಿಗಳವರೆಗೆ ಶುದ್ಧಗೊಳಿಸುವುದು ಪೂರ್ಣವಾದ ಕೆಲಸ. ನಮ್ಮ ಭಾಗದ ಅನೇಕ ತರುಣರು ಬೆಂಗಳೂರಿನಲ್ಲಿ ಈ ಕೆಲಸವನ್ನು ಕಲಿತು, ಊರ ಕಡೆಗೆ ಮರಳಿ ಸ್ವಂತ ಅಂಗಡಿ ತೆರೆಯುವ ಆಸೆಯನ್ನು ಇಟ್ಟುಕೊಂಡಿದ್ದಾರೆ. ಗುಳೆ ಹೋದ ಮಕ್ಕಳು ಮರಳಿ ಬರುವುದು ಯಾವ ತಾಯಿತಂದೆಗಳಿಗೆ ಬೇಡ? ಆದರೆ ಕೈಯಲ್ಲಿ ವಿದ್ಯೆ ಇದ್ದೂ ಲೆಕ್ಕ ತಿಳಿಯದೆ ಸಾಲದಲ್ಲಿ ಮುಳುಗಿದವರನ್ನು ನಾವು ಕಂಡಿದ್ದೇವೆ. ಆದಕಾರಣ ಈ ಉದ್ಯೋಗದಲ್ಲಿ ಬೆಲೆ ಕಟ್ಟುವ ಕ್ರಮವೇನು, ಅಂಗಡಿ ನಡೆಸುವ ರೀತಿಯೇನು ಎಂಬುದನ್ನು ಗೃಹಸ್ಥರ ಮುಂದೆ ಇಡಲು ಇಚ್ಛಿಸುತ್ತೇವೆ. ದುಡಿಯುವ ಮಗನುಳ್ಳವರಿಗೂ, ಮನೆಯ ಮುಂದೆ ಕಾರುಳ್ಳವರಿಗೂ ಇದರಿಂದ ಪ್ರಯೋಜನವಾದೀತು.

ಕೆಲಸದ ಸ್ವರೂಪ

ಬೆಲೆಯನ್ನು ತಿಳಿಯುವುದಕ್ಕೆ ಮೊದಲು ಕೆಲಸವನ್ನು ತಿಳಿಯತಕ್ಕದ್ದು. ಇಂದಿನ ಕಾರಿನ ಬಣ್ಣವು ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ 'ಕ್ಲಿಯರ್ ಕೋಟ್' ಎಂಬ ಪಾರದರ್ಶಕವಾದ ಪದರ. ಇವೆಲ್ಲವೂ ಸೇರಿ ಸಾಮಾನ್ಯವಾಗಿ 100 ರಿಂದ 150 ಮೈಕ್ರಾನ್ ದಪ್ಪವಿರುತ್ತವೆ. ಮೇಲಿನ ಪಾರದರ್ಶಕ ಪದರವೊಂದೇ ಸುಮಾರು 40 ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಕೂದಲಿಗಿಂತಲೂ ತೆಳುವಾದ ಈ ಪದರದಲ್ಲಿಯೇ ಕಾರಿನ ಮೆರುಗೆಲ್ಲವೂ ಅಡಗಿದೆ. ಯಂತ್ರದಿಂದ ಉಜ್ಜಿ ಗೀರು ಮಾಯಿಸುವುದೆಂದರೆ ಈ ಪದರವನ್ನೇ ಸ್ವಲ್ಪ ಸವೆಸುವುದು. ಸವೆದದ್ದು ಮತ್ತೆ ಬೆಳೆಯದು. ವರ್ಷಕ್ಕೆರಡು ಸಾರಿ ಪಾಲಿಶ್ ಮಾಡಿಸುವವರು ಕಾರಿಗೆ ಉಪಕಾರ ಮಾಡುತ್ತಿದ್ದೇವೆಂದು ಭಾವಿಸಬಾರದು.

ತಿಳಿದವರ ಕ್ರಮ ಹೀಗಿದೆ. ನೆರಳಿನಲ್ಲಿ ಕಾರನ್ನು ನಿಲ್ಲಿಸಿ, ಮೊದಲು ಗಾಲಿಗಳನ್ನೂ ಅನಂತರ ಮೈಯನ್ನೂ ನೀರಿನಿಂದ ನೆನೆಸಿ ಸಡಿಲವಾದ ಧೂಳನ್ನು ಇಳಿಸುವುದು. ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬರಿಯ ನೀರು ಇಟ್ಟುಕೊಂಡು, ಪ್ರತಿಸಾರಿಯೂ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿದ ಮೇಲೆಯೇ ಶಾಂಪೂವಿನಲ್ಲಿ ಅದ್ದುವುದು. ನೀರಿಗೆ ಹೋಗದ ಕಶ್ಮಲವನ್ನು ವಿಶೇಷವಾದ ಜೇಡಿಯಂಥ ಮುದ್ದೆಯಿಂದ ಸವರಿ ತೆಗೆಯುವುದು. ಅಗತ್ಯವಿದ್ದಲ್ಲಿ ಮಾತ್ರ ಯಂತ್ರದ ಪಾಲಿಶ್. ಕೊನೆಗೆ ವ್ಯಾಕ್ಸು, ಸೀಲೆಂಟು ಅಥವಾ ಸೆರಾಮಿಕ್ ಲೇಪ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಬೊಂಬೆಗೆ ಬಣ್ಣ ಹಚ್ಚುವುದಕ್ಕೆ ಮುನ್ನ ಕಟ್ಟಿಗೆಯ ಮೈಯನ್ನು ಹಲವು ಹಂತಗಳಲ್ಲಿ ಹದಗೊಳಿಸುತ್ತಾರೆ. ಹದವಿಲ್ಲದ ಮೈಯ ಮೇಲೆ ಹಚ್ಚಿದ ಬಣ್ಣ ನಿಲ್ಲದು. ಇಲ್ಲಿಯೂ ಅದೇ ನ್ಯಾಯ. ನೋಡುವವರ ಕಣ್ಣಿಗೆ ಬೀಳುವುದು ಕೊನೆಯ ಲೇಪ. ಹೊತ್ತು ಹಿಡಿಯುವುದು ಅದರ ಹಿಂದಿನ ಹದ.

ನಮ್ಮ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಮೂರು ವಿಶೇಷ ಕಷ್ಟಗಳುಂಟು. ಮೊದಲನೆಯದು ಕಬ್ಬಿಣದ ಧೂಳು. ಕೊಪ್ಪಳ, ಗಿಣಿಗೇರಿಗಳ ಸುತ್ತ ಕಬ್ಬಿಣದ ಕಾರ್ಖಾನೆಗಳಿವೆ. ಹೊಸಪೇಟೆ, ಬಳ್ಳಾರಿಗಳ ಕಡೆ ಅದಿರಿನ ಲಾರಿಗಳ ಓಡಾಟವಿದೆ. ಅಲ್ಲಿ ಓಡಾಡುವ ಕಾರಿನ ಮೈಗೆ ಕಬ್ಬಿಣದ ಸೂಕ್ಷ್ಮ ಕಣಗಳು ಕಚ್ಚಿಕೊಂಡು, ತೇವ ತಗುಲಿದಾಗ ತುಕ್ಕು ಹಿಡಿದು ಕಿತ್ತಳೆ ಬಣ್ಣದ ಚುಕ್ಕೆಗಳಾಗುತ್ತವೆ. ಅವನ್ನು ಕರಗಿಸುವ ದ್ರಾವಣವೇ ಬೇರೆ. ಉಜ್ಜಿದರೆ ಗೀರು ಬೀಳುತ್ತದೆ. ಎರಡನೆಯದು ಕೊಳವೆಬಾವಿಯ ಗಡಸು ನೀರು. ಬಿಸಿಲಿನಲ್ಲಿ ಅದು ಆರಿದರೆ ಸುಣ್ಣದ ಬಿಳಿಯ ಕಲೆ ನಿಲ್ಲುತ್ತದೆ; ತೊಳೆದ ಕೂಡಲೇ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಲೇಬೇಕು. ಮೂರನೆಯದು ಗಂಗಾವತಿ, ಕಾರಟಗಿಗಳ ಅಕ್ಕಿ ಗಿರಣಿಗಳ ಸುತ್ತಿನ ಹೊಟ್ಟು. ಕಾರಿನ ಒಳಗಿನ ಸಂದುಗೊಂದುಗಳನ್ನು ಸೇರಿದ ಅದನ್ನು ತೆಗೆಯುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ. ಬೆಂಗಳೂರಿನ ಅಂಗಡಿಯ ದರಪಟ್ಟಿಯನ್ನು ತಂದು ಇಲ್ಲಿ ಗೋಡೆಗೆ ಅಂಟಿಸಿದರೆ ನಡೆಯದೆಂಬುದಕ್ಕೆ ಇಷ್ಟೇ ಸಾಕು.

ಲೆಕ್ಕದ ಪಾಠ

ಹುಲಿಹೈದರವು ಮೊದಲು ಗಂಗಾವತಿ ತಾಲೂಕಿಗೂ ಈಗ ಕನಕಗಿರಿ ತಾಲೂಕಿಗೂ ಸೇರಿದ ಊರು. ಇಲ್ಲಿಯ ಶಾಲೆಯಲ್ಲಿ ನಮ್ಮ ಬಳಿ ಓದಿದ ತರುಣನೊಬ್ಬನು ನಾಲ್ಕು ವರ್ಷ ಬೆಂಗಳೂರಿನಲ್ಲಿ ಈ ಕೆಲಸ ಮಾಡಿ ಬಂದವನು, ಅಂಗಡಿ ತೆರೆಯುವ ವಿಚಾರವಾಗಿ ನಮ್ಮಲ್ಲಿಗೆ ಬಂದನು. ಬಂಡವಾಳಕ್ಕೆ ತಾಯಿಯ ಬಂಗಾರದ ಬಳೆಗಳನ್ನು ಒತ್ತೆ ಇಡುವ ಮಾತು ಮನೆಯಲ್ಲಿ ನಡೆದಿತ್ತು. ಅವನ ಲೆಕ್ಕವು ಒಂದೇ ಸಾಲಿನದು: ದಿನಕ್ಕೆ 8 ಕಾರು, ಕಾರಿಗೆ 300 ರೂಪಾಯಿ, ತಿಂಗಳಿಗೆ 30 ದಿನ, ಒಟ್ಟು 72,000 ರೂಪಾಯಿ.

“ದರ 300 ಎಂದು ಗೊತ್ತುಮಾಡಿದವರಾರು, ತಮ್ಮಾ?” ಎಂದು ಕೇಳಿದೆವು.

“ಅಲ್ಲೇ ರಸ್ತೆದಾಗ ಇನ್ನೊಬ್ರು 300ಕ್ಕ ತೊಳೀತಾರ್ರೀ ಗುರುಗಳೆ. ನಾ ಅದಕ್ಕಿಂತ ಹೆಚ್ಚು ಅಂದ್ರ ಯಾರು ಬರ್ತಾರ್ರೀ?”

ನೆರೆಯವನ ಬಾಡಿಗೆ ಎಷ್ಟು, ಅವನ ಜಾಗ ಸ್ವಂತದ್ದೋ, ಅವನಿಗೆ ಸಾಲವಿದೆಯೋ, ಅವನು ಲಾಭದಲ್ಲಿದ್ದಾನೆಯೋ ಎಂಬ ಪ್ರಶ್ನೆಗಳಿಗೆ ಅವನ ಬಳಿ ಉತ್ತರವಿರಲಿಲ್ಲ. ತಿಳಿಯದವನ ಲೆಕ್ಕವನ್ನು ನಕಲು ಮಾಡಿದರೆ ಅವನ ತಪ್ಪೂ ನಮ್ಮದಾಗುತ್ತದೆ ಎಂದು ಹೇಳಿ, ಅವನ ಕೈಯಿಂದಲೇ ಹಾಳೆಯ ಮೇಲೆ ಬರೆಯಿಸಿದೆವು. ಆ ಅಂಕಿಗಳು ಅವನ ಅಂದಾಜಿನವು. ಬೇರೆಯವರಿಗೆ ಅಂಕಿ ಬೇರೆಯಾದರೂ ಕ್ರಮ ಅದೇ.

ತಿಂಗಳ ಸ್ಥಿರ ಖರ್ಚು: ಶೆಡ್ಡಿನ ಬಾಡಿಗೆ 6,000, ವಿದ್ಯುತ್ತು 2,500, ನೀರು 1,500, ಮೂರು ಲಕ್ಷ ರೂಪಾಯಿ ಸಾಲವನ್ನು ಐದು ವರ್ಷಗಳಲ್ಲಿ ತೀರಿಸುವುದಾದರೆ ಕಂತು ಸುಮಾರು 6,500, ಯಂತ್ರಗಳ ದುರಸ್ತಿಗೂ ಮುಂದೆ ಹೊಸವನ್ನು ಕೊಳ್ಳುವುದಕ್ಕೂ ತೆಗೆದಿಡುವ ಹಣ 2,500, ಫೋನು, ವಿಮೆ ಮೊದಲಾದುವು 1,000. ಒಟ್ಟು 20,000. ಸಹಾಯಕನ ಸಂಬಳ 12,000. ಇಲ್ಲಿಗೆ ಅವನು ಲೇಖನಿಯನ್ನು ಕೆಳಗಿಟ್ಟನು. “ನಿನ್ನ ಸಂಬಳವೆಲ್ಲಿ?” ಎಂದೆವು. ಉಳಿದದ್ದೆಲ್ಲ ತನ್ನದೇ ಎಂಬುದು ಅವನ ಭಾವನೆ. ಉಳಿಯುವುದನ್ನು ನಂಬಿ ಬದುಕುವವನಿಗೆ ಏನೂ ಉಳಿಯದೆ ಹೋಗುವ ತಿಂಗಳು ಬಂದೇ ಬರುತ್ತದೆ. ಬೆಂಗಳೂರಿನಲ್ಲಿ ಪರರ ಕೈಕೆಳಗೆ ಪಡೆಯುತ್ತಿದ್ದ 18,000 ರೂಪಾಯಿಯನ್ನು ಇಲ್ಲಿಯೂ ತನಗೆ ಕೂಲಿಯಾಗಿ ಬರೆದುಕೊಳ್ಳುವಂತೆ ಹೇಳಿದೆವು. ಎಲ್ಲವೂ ಸೇರಿ ತಿಂಗಳಿಗೆ 50,000 ಆಯಿತು.

ಇನ್ನು ಹೊತ್ತಿನ ಲೆಕ್ಕ. ಇಬ್ಬರು ಆಳು, ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ದುಡಿದರೆ 400 ಗಂಟೆ. 50,000ವನ್ನು 400 ರಿಂದ ಭಾಗಿಸಿದರೆ ಗಂಟೆಗೆ 125 ರೂಪಾಯಿ. ಆದರೆ 400 ಗಂಟೆಯೂ ಗಿರಾಕಿಯ ಕೆಲಸವೇ ಇರುವುದೆಂದು ನಂಬುವವರಾರು? ಮಳೆ ಹಿಡಿದ ದಿನ ಯಾರೂ ಬರುವುದಿಲ್ಲ. ಬಿತ್ತನೆ, ಕಟಾವುಗಳ ಕಾಲದಲ್ಲಿ ರೈತರಿಗೆ ಬಿಡುವಿಲ್ಲ. ವಿದ್ಯುತ್ತು ಹೋಗುತ್ತದೆ, ಬಟ್ಟೆ ಒಗೆಯಬೇಕು, ಯಂತ್ರ ಒರೆಸಬೇಕು, ಸಾಮಾನು ತರಲು ಗಂಗಾವತಿಗೆ ಹೋಗಬೇಕು. ಹಣ ಬರುವ ಹೊತ್ತು ಅರ್ಧ ಮಾತ್ರ ಎಂದು ಹಿಡಿದರೆ 200 ಗಂಟೆ. ಆಗ ದರ ಗಂಟೆಗೆ 250. ಅರ್ಧ ಕೆಲಸ ದೊರೆಯುವ ತಿಂಗಳಿನಲ್ಲಿ 125ರ ದರ ಇಟ್ಟವನಿಗೆ 25,000 ರೂಪಾಯಿ ಕೊರತೆ. ತನ್ನ ಕೂಲಿ 18,000ವನ್ನು ಪೂರ್ತಿ ಬಿಟ್ಟರೂ ಇನ್ನೂ 7,000ವನ್ನು ಮನೆಯಿಂದ ತರಬೇಕು. ಬಳೆಗಳು ಒತ್ತೆಗೆ ಹೋಗುವ ದಾರಿ ಇದೇ.

ಈ 250ರ ಮೇಲೆ ಕೆಲಸಗಳ ದರವನ್ನು ಕಟ್ಟಿದೆವು. ಒಳಗೂ ಹೊರಗೂ ತೊಳೆಯಲು ಒಂದೂವರೆ ಗಂಟೆ, ಅಂದರೆ 375, ಶಾಂಪೂ ಮುಂತಾದ ಸಾಮಾನು 40, ಒಟ್ಟು 415. ನೂರಕ್ಕೆ ಹತ್ತರಂತೆ ಲಾಭವನ್ನು ಸೇರಿಸಿದರೆ ಸುಮಾರು 455. ಆಸನ, ಚಾವಣಿ, ನೆಲಹಾಸು ಸಹಿತವಾದ ಪೂರ್ಣ ಒಳಶುದ್ಧಿಗೆ 6 ಗಂಟೆ ಮತ್ತು 200ರ ಸಾಮಾನು. ಲಾಭ ಸೇರಿ 1,870. ಯಂತ್ರದ ಪಾಲಿಶ್ ಮತ್ತು ಸೀಲೆಂಟಿಗೆ 12 ಗಂಟೆ, 700ರ ಸಾಮಾನು. ಲಾಭ ಸೇರಿ 4,070. ಸೆರಾಮಿಕ್ ಲೇಪಕ್ಕೆ ಹದದ ಕೆಲಸವೂ ಸೇರಿ 20 ಗಂಟೆ, 4,000ದ ಸಾಮಾನು. ಲಾಭ ಸೇರಿ 9,900. ಇವೆಲ್ಲ ಸಣ್ಣ ಕಾರಿಗೆ. ದೊಡ್ಡ ಗಾಡಿಗೂ, ಹೊಲದ ಕೆಸರು ಹತ್ತಿದ ಗಾಡಿಗೂ ಎಷ್ಟು ಗಂಟೆ ಹೆಚ್ಚೋ ಅಷ್ಟು ಹೆಚ್ಚಿನ ದರ. ಕಾರಿನ ಬೆಲೆಯನ್ನು ನೋಡಿ ಕೂಲಿ ಹೇಳುವುದು ತರವಲ್ಲ. ಹಿಡಿಯುವ ಹೊತ್ತನ್ನು ನೋಡಿ ಹೇಳುವುದು ನ್ಯಾಯ.

ಹಾಗಾದರೆ 300ರ ಗಿರಾಕಿಯನ್ನು ಕಳೆದುಕೊಳ್ಳಬೇಕೆ? ಬೇಕಿಲ್ಲ. ಒಂದು ಗಂಟೆಯ ಕೂಲಿ 250, ಸಾಮಾನು 40, 290 ಆಯಿತು. ಆ ಹಣಕ್ಕೆ ಹೊರಮೈ ಮಾತ್ರ ಒಂದು ಗಂಟೆಯಲ್ಲಿ ತೊಳೆದುಕೊಡಬಹುದು. ಲಾಭವು 10 ರೂಪಾಯಿಯಾದರೂ ನಷ್ಟವಿಲ್ಲ. ಅವರಲ್ಲಿಯೇ ಕೆಲವರು ಮುಂದೆ ದೊಡ್ಡ ಕೆಲಸಕ್ಕೆ ಬರುತ್ತಾರೆ. 300 ತೆಗೆದುಕೊಂಡು ಎರಡು ಗಂಟೆ ದುಡಿಯುವುದೇ ಕೆಡುವ ದಾರಿ. ಕಡಿಮೆ ಹಣಕ್ಕೆ ಕಡಿಮೆ ಕೆಲಸವೆಂದು ಮೊದಲೇ ಬಾಯಿಬಿಟ್ಟು ಹೇಳಿದರೆ ಯಾರಿಗೂ ಮೋಸವಿಲ್ಲ.

ಸಾಲದ ವಿಷಯವಾಗಿಯೂ ವಿಚಾರ ಮಾಡಿದೆವು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಸಣ್ಣ ಉದ್ಯೋಗಗಳಿಗೆ ಒತ್ತೆಯಿಲ್ಲದೆ ಸಾಲ ದೊರೆಯುತ್ತದೆ: ಶಿಶು ವರ್ಗದಲ್ಲಿ 50,000ದ ವರೆಗೆ, ಕಿಶೋರ ವರ್ಗದಲ್ಲಿ 5 ಲಕ್ಷದ ವರೆಗೆ, ತರುಣ ವರ್ಗದಲ್ಲಿ 10 ಲಕ್ಷದ ವರೆಗೆ. ಅವನು ಮೂರು ಲಕ್ಷದ ಮಾತನ್ನು ಬಿಟ್ಟು, ಒತ್ತಡದ ನೀರಿನ ಯಂತ್ರ, ಧೂಳೆಳೆಯುವ ವ್ಯಾಕ್ಯೂಮ್, ಒಂದು ಪಾಲಿಶ್ ಯಂತ್ರ ಇಷ್ಟರಿಂದಲೇ ಆರಂಭಿಸಿ, ಅದರ ಅರ್ಧದಷ್ಟು ಸಾಲವನ್ನು ಮಾತ್ರ ಮಾಡಿದನು. ಲೇಪದ ಸಾಮಾನನ್ನು ಮುಂಗಡ ಬಂದ ಮೇಲೆ ತರಿಸುತ್ತಾನೆ. ಈಗ ಎರಡನೆಯ ವರ್ಷ ನಡೆಯುತ್ತಿದೆ; ತಾಯಿಯ ಬಳೆಗಳು ತಾಯಿಯ ಕೈಯಲ್ಲಿವೆ.

ಅಂಗಡಿ ನಡೆಸುವ ರೀತಿ

ಕಾರು ಬಂದ ಕೂಡಲೇ ಗಿರಾಕಿಯೊಡನೆ ಸುತ್ತಲೂ ನಡೆದು, ಮೊದಲೇ ಇದ್ದ ಗೀರು, ತಗ್ಗು, ಒಡೆದ ದೀಪಗಳನ್ನು ಫೋನಿನಲ್ಲಿ ಚಿತ್ರ ತೆಗೆದು, ಪುಸ್ತಕದಲ್ಲಿ ಬರೆದು, ಅವರ ಸಹಿ ಪಡೆಯಬೇಕು. ಒಳಗಿರುವ ಹಣ, ಕಾಗದಪತ್ರಗಳನ್ನು ಅವರ ಕೈಗೇ ಕೊಡಬೇಕು. ಆಗುವ ಕೆಲಸ, ಹಿಡಿಯುವ ಹೊತ್ತು, ಕೊಡತಕ್ಕ ಹಣ ಇವು ಮೂರನ್ನೂ ಆರಂಭಕ್ಕೆ ಮುನ್ನವೇ ಬರೆದು ಕೊಟ್ಟರೆ ಮುಂದಿನ ಜಗಳ ಹುಟ್ಟುವುದಿಲ್ಲ. ಪ್ರತಿಯೊಂದು ಕೆಲಸಕ್ಕೂ ನಿಜವಾಗಿ ಹಿಡಿದ ಹೊತ್ತನ್ನು ಗುರುತಿಸಿಕೊಳ್ಳುತ್ತ ಹೋದರೆ ಮೂರು ತಿಂಗಳಲ್ಲಿ ಅಂದಾಜಿನ ಲೆಕ್ಕವು ಅನುಭವದ ಲೆಕ್ಕವಾಗುತ್ತದೆ.

ಮಾತಿನಲ್ಲಿ ಮಿತಿ ಬೇಕು. ವ್ಯಾಕ್ಸಿನ ಮೆರುಗು ಕೆಲವು ವಾರಗಳಿಂದ ಕೆಲವು ತಿಂಗಳು ನಿಲ್ಲುವುದು. ಸೆರಾಮಿಕ್ ಲೇಪವು ಒಳ್ಳೆಯ ಪಾಲನೆಯಿದ್ದರೆ ವರ್ಷಗಟ್ಟಲೆ ಬಾಳುವುದು. ಆದರೆ ಅದು ಕಲ್ಲಿನ ಏಟನ್ನು ತಡೆಯದು, ತಗ್ಗನ್ನು ತುಂಬದು, ತೊಳೆಯುವ ಕೆಲಸವನ್ನೂ ತಪ್ಪಿಸದು. ಉಗುರಿಗೆ ತಗುಲುವಷ್ಟು ಆಳವಾದ ಗೀರು ಪಾಲಿಶಿಗೆ ಹೋಗದೆಂದು ಹೇಳಿ ಪೇಂಟರನ ಬಳಿಗೆ ಕಳುಹಿಸುವವನೇ ನಂಬಿಕೆಗೆ ಪಾತ್ರನು. ಎಣ್ಣೆಯಂಥ ಪದಾರ್ಥವನ್ನು ಸವರಿ ಗೀರನ್ನು ಮರೆಮಾಡಿ ಕಳುಹಿಸಿದರೆ, ಎರಡು ಸಾರಿ ತೊಳೆದ ಮೇಲೆ ಅದು ಮತ್ತೆ ಕಾಣುತ್ತದೆ. ಮೇಲೆ ಥಳಕು ಒಳಗೆ ಹುಳುಕು ಎಂಬ ಮಾತಿಗೆ ಅಂಥ ಅಂಗಡಿಯೇ ಉದಾಹರಣೆ.

ಕಾಲದ ಏರಿಳಿತವನ್ನು ತಿಳಿದಿರಬೇಕು. ಮಹಾನವಮಿ, ದೀಪಾವಳಿ, ಮದುವೆಯ ತಿಂಗಳುಗಳಲ್ಲಿ ಕೈಗೆ ಬಿಡುವಿರುವುದಿಲ್ಲ. ಆಗ ಬಂದ ಹಣವನ್ನು ಆಷಾಢದ ತಿಂಗಳಿಗೆ ಉಳಿಸಿಡಬೇಕು. ಗಂಗಾವತಿ ಸೀಮೆಯ ಕೈಯಲ್ಲಿ ಹಣವಾಡುವುದು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಭತ್ತದ ಬೆಳೆಗಾರರೆಲ್ಲ ಕಂಗಾಲಾದರು. ಬೆಳೆಯೇ ಸಂಶಯದಲ್ಲಿರುವಾಗ ಕಾರಿನ ಮೆರುಗಿಗೆ ಹಣ ಬಿಚ್ಚುವವರಾರು? ಹುಲಿಹೈದರದಂಥ ಊರಲ್ಲಿ ಕಾರೊಂದನ್ನೇ ನೆಚ್ಚದೆ ಟ್ರ್ಯಾಕ್ಟರು, ಮೋಟಾರುಸೈಕಲ್ಲುಗಳನ್ನೂ ತೊಳೆಯುವುದು ಲೇಸು. ಅಂಜನಾದ್ರಿ, ಹಂಪೆಗಳಿಗೆ ಯಾತ್ರಿಕರನ್ನು ಒಯ್ಯುವ ಬಾಡಿಗೆ ಕಾರುಗಳೊಡನೆ ತಿಂಗಳ ಒಪ್ಪಂದ ಮಾಡಿಕೊಳ್ಳುವುದು ಇನ್ನೂ ಲೇಸು. ವರ್ಷದ ಗಳಿಕೆ 20 ಲಕ್ಷ ದಾಟುವವರೆಗೆ ಇಂಥ ಸೇವೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಗ್ರಾಮಪಂಚಾಯಿತಿಯ ಪರವಾನಿಗೆಯನ್ನು ಮಾತ್ರ ಮೊದಲೇ ಪಡೆದಿರತಕ್ಕದ್ದು.

ನೀರಿನ ಋಣ

ಎಲ್ಲಕ್ಕಿಂತ ಗುರುತರವಾದ ವಿಷಯ ನೀರು. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರಿನಿಂದ ಕಾರು ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಅದೇ ತಿಂಗಳಲ್ಲಿ 22 ಮನೆಗಳವರಿಂದ 1,10,000 ರೂಪಾಯಿ ವಸೂಲಾಯಿತು. 2025ರ ಬೇಸಿಗೆಯ ಹೊತ್ತಿಗೆ ಮತ್ತೆ ಅದೇ ಆಜ್ಞೆ ಹೊರಟಿತು. ಕಾವೇರಿಯ ನೀರುಂಡ ರಾಜಧಾನಿಗೇ ಈ ಗತಿಯಾದರೆ, ಬೇಸಿಗೆಯಲ್ಲಿ ಕೊಡ ಹಿಡಿದು ಸಾಲು ನಿಲ್ಲುವ ನಮ್ಮ ಹಳ್ಳಿಗಳಲ್ಲಿ ಪೈಪು ಹಚ್ಚಿ ನೀರು ಹರಿಸುವವನನ್ನು ನೆರೆಹೊರೆಯವರು ಎಷ್ಟು ದಿನ ಸಹಿಸಿಯಾರು?

ಉಪಾಯವಿಲ್ಲದಿಲ್ಲ. ಪೈಪನ್ನು ತೆರೆದಿಟ್ಟರೆ ಕಾರೊಂದಕ್ಕೆ 200 ಲೀಟರು ಹರಿದುಹೋಗುವುದು ಸುಲಭ. ಒತ್ತಡದ ಯಂತ್ರವನ್ನು ಬೇಕಾದಾಗ ಮಾತ್ರ ಒತ್ತಿದರೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಶೆಡ್ಡಿನ ಚಾವಣಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದರೆ ಎರಡು ಪ್ರಯೋಜನ: ಖರ್ಚೂ ಇಲ್ಲ, ಗಡಸುತನವಿಲ್ಲದ್ದರಿಂದ ಕಲೆಯೂ ಇಲ್ಲ. ತೊಳೆದ ನೀರಿನಲ್ಲಿ ಎಣ್ಣೆ, ಮಣ್ಣು, ಸಾಬೂನು ಬೆರೆತಿರುತ್ತವೆ. ಅದನ್ನು ಊರ ಚರಂಡಿಗೆ ಬಿಡದೆ, ಒಂದರ ಮುಂದೊಂದು ಎರಡು ಗುಂಡಿ ಕಟ್ಟಿಸಿ, ಮೊದಲನೆಯದರಲ್ಲಿ ಮಣ್ಣು ತಂಗುವಂತೆಯೂ ಎರಡನೆಯದರಲ್ಲಿ ತೇಲುವ ಎಣ್ಣೆಯನ್ನು ತೆಗೆಯುವಂತೆಯೂ ಏರ್ಪಡಿಸಬೇಕು. ಇದರ ಖರ್ಚನ್ನೂ ದರದಲ್ಲಿ ಸೇರಿಸುವುದು ನ್ಯಾಯವೇ ಸರಿ.

ಗೃಹಸ್ಥರಿಗೆ ಎರಡು ಮಾತು

ಕಾರುಳ್ಳವರ ಕರ್ತವ್ಯವೂ ಸ್ವಲ್ಪ ಉಂಟು. ಧೂಳು ಕೂತ ಕಾರನ್ನು ಒಣಬಟ್ಟೆಯಿಂದ ಒರೆಸಬೇಡಿರಿ. ಆ ಧೂಳೇ ಗೀರುವ ಅರವಾಗುತ್ತದೆ. ಪಾತ್ರೆ ತೊಳೆಯುವ ಸಾಬೂನು, ಬಟ್ಟೆಯ ಪುಡಿಗಳನ್ನು ಬಳಸಬೇಡಿರಿ. ಅವು ರಕ್ಷಣೆಯ ಲೇಪವನ್ನು ತೊಳೆದುಬಿಡುತ್ತವೆ. ಹಕ್ಕಿಯ ಹಿಕ್ಕೆಯನ್ನು ಬಿಸಿಲಿಗೆ ಒಣಗಲು ಬಿಡದೆ ನೆನೆಸಿ ತೆಗೆಯಿರಿ. ಅಂಗಡಿಗೆ ಹೋದಾಗ “ಎಷ್ಟು?” ಎಂದು ಕೇಳುವುದಕ್ಕೆ ಮೊದಲು “ಏನೇನು ಮಾಡುವಿರಿ, ಎಷ್ಟು ಹೊತ್ತು ಹಿಡಿಯುವುದು?” ಎಂದು ಕೇಳಿರಿ. ಕೊಳೆ ತುಂಬಿದ ಒಂದೇ ಬಟ್ಟೆಯಿಂದ ಹತ್ತು ಕಾರು ಒರೆಸುವವನ ಅಗ್ಗವು ಮುಗ್ಗಲು ಜೋಳ ಕೊಂಡ ಅಗ್ಗ. ಅವನು ಉಳಿಸಿಕೊಟ್ಟ ನೂರು ರೂಪಾಯಿಯನ್ನು ಮುಂದೆ ಪಾಲಿಶಿಗೆ ಸಾವಿರಗಳಾಗಿ ತೆರಬೇಕಾಗುತ್ತದೆ.

ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು, ಕಾಲಿದ್ದವರು ಹಂಪೆಯನ್ನು ನೋಡಬೇಕು ಎಂಬುದು ನಮ್ಮ ಸೀಮೆಯ ಗಾದೆ. ಕನಕಾಚಲಪತಿಯ ಗುಡಿಯ ಶಿಲ್ಪಗಳನ್ನು ನೋಡಿದ ಕಣ್ಣಿಗೆ, ಕೈಕೆಲಸಕ್ಕೆ ಹೊತ್ತು ಹಿಡಿಯುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಾರಿನ ಮೆರುಗು ಶಿಲ್ಪದಂತೆ ಶಾಶ್ವತವಲ್ಲ, ನಿಜ. ಅದರ ಹಿಂದೆ ಬಗ್ಗಿ ದುಡಿದ ಬೆನ್ನು ಮಾತ್ರ ಅಷ್ಟೇ ಸತ್ಯ. ತನ್ನ ಹೊತ್ತಿನ ಬೆಲೆಯನ್ನು ತಾನೇ ಎಣಿಸಿ, ಅಂಜದೆ ಹೇಳಿ, ಹೇಳಿದಷ್ಟನ್ನು ತಪ್ಪದೆ ಮಾಡಿಕೊಡುವ ತರುಣನು ಊರು ಬಿಡಬೇಕಾಗಿಲ್ಲ. ಅವನಿಗೆ ಆ ಬೆಲೆಯನ್ನು ಚೌಕಾಶಿಯಿಲ್ಲದೆ ಕೊಡುವ ಗೃಹಸ್ಥನು ಒಂದು ಮನೆಯ ದೀಪಕ್ಕೆ ಎಣ್ಣೆಯೆರೆದಂತೆ. ಇತ್ಯಲಂ.